ಓಡದೆಯೂ ಓಡುವ ‘ರನ್’

ಬೋರ್‌ವೆಲ್ ಇರುವ ತೋಟಗಳ ಪಂಪ್‌ಹೌಸಿನಲ್ಲಿ ಸ್ಟಾರ್ಟರ್ ಪೆಟ್ಟಿಗೆಯ ಜೊತೆಗೆ ಈಗೀಗ ಇನ್ನೊಂದು ಪುಟ್ಟ ಉಪಕರಣ ಕಾಣಸಿಗುತ್ತದೆ. ಕೊಳವೆಬಾವಿಯಲ್ಲಿ ನೀರು ನಿಂತರೂ ಮೋಟಾರ್ ಒಂದೇ ಸಮನೆ ತಿರುಗಿ ಸುಟ್ಟುಹೋಗದಂತೆ ಅದು ಕರೆಂಟು ಕಡಿದು ಕಾಪಾಡುತ್ತದೆ. ನೀರಿಲ್ಲದೆ ಮೋಟಾರ್ ತಿರುಗುವುದಕ್ಕೆ ರೈತರೂ ಮೆಕ್ಯಾನಿಕ್ಕುಗಳೂ ಹೇಳುವ ಹೆಸರು ‘ಡ್ರೈ ರನ್’. 2021ರ ಜನವರಿ 2ರಂದು ದೇಶದ ಎಲ್ಲ ರಾಜ್ಯಗಳಲ್ಲೂ ಕೋವಿಡ್ ಲಸಿಕೆಯ ‘ಡ್ರೈ ರನ್’ ನಡೆಯಿತು. ಚುಚ್ಚುವುದೊಂದನ್ನು ಬಿಟ್ಟು ಲಸಿಕೆ ಹಾಕುವ ಉಳಿದೆಲ್ಲ ಹಂತಗಳನ್ನೂ ಮಾಡಿ ನೋಡಿದ ತಾಲೀಮು ಅದು. ಮೊದಲನೆಯದು ಮೋಟಾರಿಗೆ ಕೇಡು, ಎರಡನೆಯದು ಕೆಲಸ ಕೆಡಬಾರದೆಂದು ಮಾಡಿಕೊಳ್ಳುವ ಸಿದ್ಧತೆ. ಎರಡಕ್ಕೂ ಹೆಸರು ಒಂದೇ, ಎರಡರಲ್ಲೂ ಯಾರೂ ಓಡುವುದಿಲ್ಲ.

ಶಾಲೆಯಲ್ಲಿ ನಾವೆಲ್ಲ ಕಲಿತದ್ದು ‘ರನ್’ ಎಂದರೆ ಓಡು ಎಂದು. ಆಮೇಲೆ ಪತ್ರಿಕೆಯಲ್ಲಿ, ಆಫೀಸಿನಲ್ಲಿ, ಆಸ್ಪತ್ರೆಯಲ್ಲಿ, ಬಾಡಿಗೆ ಕರಾರಿನಲ್ಲಿ ಆ ಪದ ಎದುರಾದಾಗಲೆಲ್ಲ ಆ ಒಂದು ಅರ್ಥ ಸಾಲದೆ ಬರುತ್ತದೆ. ನಿಘಂಟು ತೆರೆದರೆ ಪುಟಗಟ್ಟಲೆ ಅರ್ಥಗಳ ಪಟ್ಟಿ. ಅಷ್ಟನ್ನೂ ಬಾಯಿಪಾಠ ಮಾಡಲು ಹೊರಟು ಸೋತು, ಇಂಗ್ಲಿಷ್ ನಮಗೆ ಒಗ್ಗುವುದಲ್ಲ ಎಂದು ಕೈಬಿಟ್ಟ ವಿದ್ಯಾರ್ಥಿಗಳು ನಮ್ಮಲ್ಲಿ ಬಹಳ. ಆದರೆ ಅರ್ಥಗಳು ಎಷ್ಟೇ ಇರಲಿ, ಅವು ಬೆಳೆದ ದಾರಿಗಳು ಕೆಲವೇ ಕೆಲವು. ಕನ್ನಡ ಬಲ್ಲವರಿಗೆ ಆ ದಾರಿಗಳು ಹೊಸವೂ ಅಲ್ಲ, ಏಕೆಂದರೆ ನಮ್ಮ ‘ಓಡು’, ‘ಹರಿ’, ‘ನಡೆ’ಗಳೂ ಅಲ್ಲೇ ತಿರುಗಾಡಿವೆ.

645 ಅರ್ಥಗಳ ಕ್ರಿಯಾಪದ

ಇಂಗ್ಲಿಷಿನ ಅತಿ ದೊಡ್ಡ ಚಾರಿತ್ರಿಕ ನಿಘಂಟು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ. ಜೇಮ್ಸ್ ಮರ್ರೆ 1879ರಲ್ಲಿ ಅದರ ಸಂಪಾದಕರಾದರು. ಮೊದಲ ಕಂತು 1884ರಲ್ಲಿ ಹೊರಬಂತು, ಕೆಲಸ ಮುಗಿದದ್ದು 1928ರಲ್ಲಿ. ಪ್ರತಿ ಪದದ ಪ್ರತಿ ಬಳಕೆಗೂ ಪುಸ್ತಕಗಳಿಂದ, ಪತ್ರಿಕೆಗಳಿಂದ ಉದಾಹರಣೆ ಹೆಕ್ಕಿ ಚೀಟಿಯಲ್ಲಿ ಬರೆದು, ಆ ಚೀಟಿಗಳನ್ನು ಅರ್ಥವಾರು ವಿಂಗಡಿಸಿ ಕಟ್ಟಿದ ನಿಘಂಟು ಅದು. ಅದರಲ್ಲಿ ಬಹುಕಾಲ ಅತಿ ಉದ್ದದ ವಿವರಣೆ ಇದ್ದದ್ದು ‘ಸೆಟ್’ ಎಂಬ ಪದಕ್ಕೆ. 1989ರ ಇಪ್ಪತ್ತು ಸಂಪುಟಗಳ ಎರಡನೆಯ ಆವೃತ್ತಿಯಲ್ಲಿ ಆ ಒಂದು ಪದದ ಸುಮಾರು 430 ಅರ್ಥಗಳನ್ನು ಹೇಳಲು ಸುಮಾರು 60,000 ಪದಗಳು ಬೇಕಾದವು.

2011ರ ಹೊತ್ತಿಗೆ ‘ರನ್’ ಅದನ್ನು ಹಿಂದೆ ಹಾಕಿತು. ಮೂರನೆಯ ಆವೃತ್ತಿಗಾಗಿ ಈ ಪದವನ್ನು ಪರಿಷ್ಕರಿಸಿದವರು ನಿಘಂಟುಕಾರ ಪೀಟರ್ ಗಿಲಿವರ್. ಅವರಿಗೆ ಈ ಒಂದೇ ಪದಕ್ಕೆ ಒಂಬತ್ತು ತಿಂಗಳು ಹಿಡಿಯಿತು. ಕ್ರಿಯಾಪದವಾಗಿಯೇ 645 ಅರ್ಥಗಳು ಸಿಕ್ಕವು. ನಾಮಪದದ ಅರ್ಥಗಳು ಈ ಲೆಕ್ಕದಲ್ಲಿಲ್ಲ.

ಒಂದು ಸಣ್ಣ ಪದ ಇಷ್ಟು ಹೊರೆ ಹೊರುವುದು ವಿಚಿತ್ರವೇನಲ್ಲ. ಹೆಚ್ಚು ಬಳಕೆಯಾಗುವ ಪದಕ್ಕೆ ಹೆಚ್ಚು ಅರ್ಥಗಳಿರುತ್ತವೆ ಎಂಬುದನ್ನು ಅಮೆರಿಕದ ವಿದ್ವಾಂಸ ಜಾರ್ಜ್ ಜಿಪ್ಫ್ 1940ರ ದಶಕದಲ್ಲೇ ಲೆಕ್ಕಹಾಕಿ ತೋರಿಸಿದ್ದರು. ನಮ್ಮ ‘ಹಾಕು’ ಎಂಬ ಪದವನ್ನೇ ತೆಗೆದುಕೊಳ್ಳಿ. ಅನ್ನ ಹಾಕುತ್ತೇವೆ, ಬೀಗ ಹಾಕುತ್ತೇವೆ, ಅರ್ಜಿ ಹಾಕುತ್ತೇವೆ, ಗೊಬ್ಬರ ಹಾಕುತ್ತೇವೆ, ಕೇಸು ಹಾಕುತ್ತೇವೆ, ಅಂಗಿ ಹಾಕುತ್ತೇವೆ, ಲೈಟು ಹಾಕುತ್ತೇವೆ, ಓಟು ಹಾಕುತ್ತೇವೆ. ಇವನ್ನು ಯಾರೂ ನಮಗೆ ಪಟ್ಟಿ ಮಾಡಿ ಕಲಿಸಲಿಲ್ಲ. ಯಾವುದನ್ನು ಹಾಕುತ್ತಿದ್ದೇವೆ ಎಂದು ತಿಳಿದರೆ ಅರ್ಥ ತಾನಾಗಿ ಹೊಳೆಯುತ್ತದೆ. 1894ರ ಕಿಟೆಲ್ ನಿಘಂಟನ್ನೋ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನೋ ತೆರೆದು ‘ಹಾಕು’, ‘ಹಿಡಿ’, ‘ಬೀಳು’ಗಳನ್ನು ನೋಡಿದರೆ ನಮಗೆ ಗೊತ್ತಿಲ್ಲದಂತೆಯೇ ನಾವು ಎಷ್ಟು ಕಲಿತಿದ್ದೇವೆ ಎಂಬುದು ಕಾಣುತ್ತದೆ. ‘ರನ್’ ಅನ್ನೂ ಹಾಗೆಯೇ ಕಲಿಯಬಹುದು.

ಕಾಲಿಗೂ ನೀರಿಗೂ ಒಂದೇ ಮಾತು

‘ರನ್’ ಹಳೆಯ ಇಂಗ್ಲಿಷಿನ ‘ರಿನ್ನನ್’ನಿಂದ ಬಂದದ್ದು. ಸ್ಕ್ಯಾಂಡಿನೇವಿಯಾದಿಂದ ಬಂದು ನೆಲೆಸಿದವರ ನುಡಿಯ ಇಂಥದೇ ಪದವೂ ಇದಕ್ಕೆ ಬಲ ಕೊಟ್ಟಿತು. ಇಂಗ್ಲಿಷಿನ ನಂಟಿನ ಭಾಷೆಯಾದ ಜರ್ಮನ್ನಿನಲ್ಲಿ ಇಂದಿಗೂ ಎರಡು ಪದಗಳಿವೆ: ಓಡುವುದಕ್ಕೆ ‘ರೆನ್ನನ್’, ನೀರು ಹರಿಯುವುದಕ್ಕೆ ‘ರಿನ್ನನ್’. ಕನ್ನಡದಲ್ಲೂ ಹಾಗೆಯೇ, ಕಾಲಿಗೆ ‘ಓಡು’, ನೀರಿಗೆ ‘ಹರಿ’. ಇಂಗ್ಲಿಷಿನಲ್ಲಿ ಮಾತ್ರ ಎರಡೂ ಒಂದೇ ಪದದಲ್ಲಿ ಸೇರಿಕೊಂಡಿವೆ. ನಮಗಾಗುವ ಗೊಂದಲದಲ್ಲಿ ಅರ್ಧದಷ್ಟು ಇಲ್ಲಿಂದಲೇ ಹುಟ್ಟುತ್ತದೆ.

ಆದ್ದರಿಂದ ಮೊದಲ ಸೂತ್ರ ಇದು: ನೀರಿನಂಥ ವಸ್ತುವಿನ ಜೊತೆ ‘ರನ್’ ಬಂದರೆ ‘ಓಡು’ ಎಂಬುದನ್ನು ಮರೆತುಬಿಡಿ. ‘ದ ಟ್ಯಾಪ್ ಈಸ್ ರನ್ನಿಂಗ್’ ಎಂದರೆ ನಲ್ಲಿಯಲ್ಲಿ ನೀರು ಹೋಗುತ್ತಿದೆ. ‘ಮೈ ನೋಸ್ ಈಸ್ ರನ್ನಿಂಗ್’ ಎಂದರೆ ಮೂಗು ಸೋರುತ್ತಿದೆ. ಸೀರೆಯ ಬಣ್ಣ ‘ರನ್’ ಆದರೆ ಬಣ್ಣ ಬಿಡುತ್ತದೆ ಎಂದರ್ಥ. ‘ರನ್ನಿಂಗ್ ವಾಟರ್’ ಇರುವ ಮನೆ ಎಂದರೆ ನಲ್ಲಿ ನೀರಿನ ಸೌಕರ್ಯ ಇರುವ ಮನೆ. ಆಸ್ಪತ್ರೆಯಲ್ಲಿ ಇಂಗ್ಲಿಷ್ ಮಾತನಾಡುವ ರೋಗಿ ‘ಐ ಹ್ಯಾವ್ ದ ರನ್ಸ್’ ಎಂದರೆ ಅವನಿಗೆ ಭೇದಿಯಾಗುತ್ತಿದೆ. ಹಾಲು ಒಡೆಸಿ ಚೀಸ್ ಮಾಡಲು ಬಳಸುವ ‘ರೆನೆಟ್’ ಎಂಬ ಪದಕ್ಕೂ ಈ ಬೇರಿನ ನಂಟಿದೆ.

ಕೃಷಿ ಇಲಾಖೆಯ ವರದಿಗಳಲ್ಲಿ ಬರುವ ‘ರನ್ ಆಫ್’ ಎಂದರೆ ಮಳೆ ನೀರು ನೆಲದಲ್ಲಿ ಇಂಗದೆ ಮೇಲಿನಿಂದಲೇ ಹರಿದುಹೋಗುವುದು. ಬದು, ಕೃಷಿಹೊಂಡಗಳೆಲ್ಲ ಅದನ್ನು ತಡೆಯಲೆಂದೇ ಇರುವುದು. ‘ರನ್ ಆಫ್ ದ ರಿವರ್’ ಎಂಬ ವಿದ್ಯುತ್ ಯೋಜನೆಗಳಲ್ಲಿ ದೊಡ್ಡ ಜಲಾಶಯ ಇರುವುದಿಲ್ಲ, ನದಿಯ ಸಹಜ ಹರಿವಿನಿಂದಲೇ ವಿದ್ಯುತ್ ತೆಗೆಯುತ್ತಾರೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳಿಸಿದ ಶಿವನಸಮುದ್ರದ ಕೇಂದ್ರ ಈ ಬಗೆಯದು. ಬೇಸಿಗೆಯಲ್ಲಿ ಕಾವೇರಿಯ ಹರಿವು ತಗ್ಗಿದರೆ ವಿದ್ಯುತ್ತೂ ತಗ್ಗುತ್ತಿತ್ತು. ಕನ್ನಂಬಾಡಿ ಕಟ್ಟೆ ಕಟ್ಟಲು ಇದೂ ಒಂದು ಕಾರಣವಾಯಿತು.

ಹರಿಯುವುದು ನೀರೊಂದೇ ಅಲ್ಲ. ‘ಇಟ್ ರನ್ಸ್ ಇನ್ ದ ಫ್ಯಾಮಿಲಿ’ ಎಂದರೆ ಆ ಗುಣವೋ ಕಾಯಿಲೆಯೋ ಮನೆತನದಲ್ಲಿ ಹರಿದುಬಂದಿದೆ ಎಂದು. ಕನ್ನಡದಲ್ಲೂ ಸುದ್ದಿ ಹರಿದಾಡುತ್ತದೆ, ಕಾಣಿಕೆ ಹರಿದುಬರುತ್ತದೆ, ದೃಷ್ಟಿ ಹರಿಯುತ್ತದೆ. ಪತ್ರಿಕೆಗಳಲ್ಲಿ ‘ಲಾರಿ ಹರಿದು ಬೈಕ್ ಸವಾರ ಸಾವು’ ಎಂಬ ತಲೆಬರಹವನ್ನು ನೀವೂ ಓದಿರುತ್ತೀರಿ. ಇಂಗ್ಲಿಷಿನ ‘ರನ್ ಓವರ್’ಗೆ ಸರಿಹೊಂದುವ ಮಾತು ಅದೇ.

ಯಂತ್ರಗಳು ಬಂದ ಮೇಲೆ

ಈ ಪದದ ಅರ್ಥಗಳು ಹೀಗೆ ಹೆಚ್ಚಿದ್ದಕ್ಕೆ ಯಂತ್ರಯುಗ ಮುಖ್ಯ ಕಾರಣ ಎಂದು ಲೇಖಕ ಸೈಮನ್ ವಿಂಚೆಸ್ಟರ್ 2011ರಲ್ಲಿ ಬರೆದರು. ಅವರ ಮಾತು ಒಪ್ಪುವಂಥದ್ದು. 1830ರಲ್ಲಿ ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವೆ ಉಗಿಬಂಡಿ ಓಡತೊಡಗಿತು. ಮಿಲ್ಲುಗಳು, ಎಂಜಿನ್ನುಗಳು, ಮುದ್ರಣಯಂತ್ರಗಳು, ಆಮೇಲೆ ಮೋಟಾರುಗಳು, ಕಂಪ್ಯೂಟರುಗಳು ಎಲ್ಲವೂ ‘ರನ್’ ಆದವು. ಗಾಲಿಯಿದ್ದು ಮುಂದೆ ಸಾಗುವ ಬಂಡಿಗೆ ಹೊಂದಿದ ಪದ, ನಿಂತಲ್ಲೇ ತಿರುಗುವ ಯಂತ್ರಕ್ಕೂ ಹೊಂದಿತು. ಕೊನೆಗೆ ಏನೂ ತಿರುಗದ ಸಾಫ್ಟ್‌ವೇರಿಗೂ ಬಂತು. ಇಲ್ಲಿ ‘ರನ್’ ಎಂದರೆ ಚಾಲೂ ಇರು, ಕೆಲಸ ಮಾಡುತ್ತಿರು.

ಇದು ಕನ್ನಡಿಗರಿಗೆ ಸಲೀಸು. ಗಡಿಯಾರ ಓಡುತ್ತದೆ, ಆಟೋದ ಮೀಟರ್ ಓಡುತ್ತದೆ, ಹಳೆ ಕಾರು ಕೊಳ್ಳುವವರು ‘ಗಾಡಿ ಎಷ್ಟು ಓಡಿದೆ?’ ಎಂದೇ ಕೇಳುತ್ತಾರೆ. ತಲೆಯೂ ಓಡುತ್ತದೆ, ಇಲ್ಲವೆ ಓಡುವುದಿಲ್ಲ. ಮಾರಾಟದ ಜಾಹೀರಾತಿನಲ್ಲಿ ಬರುವ ‘ರನ್ನಿಂಗ್ ಕಂಡೀಷನ್’ ಎಂಬುದು ಈ ಅರ್ಥದಿಂದಲೇ ಬಂದದ್ದು. ರೈಲ್ವೆಯಲ್ಲಿ ಲೋಕೋ ಪೈಲಟ್ ಮುಂತಾದವರನ್ನು ‘ರನ್ನಿಂಗ್ ಸ್ಟಾಫ್’ ಎನ್ನುತ್ತಾರೆ, ರೈಲಿನ ಜೊತೆ ಓಡುವ ಸಿಬ್ಬಂದಿ ಎಂಬ ಅರ್ಥದಲ್ಲಿ. ಅವರು ಪಾಳಿ ಮುಗಿಸಿ ಬೇರೆ ಊರಿನಲ್ಲಿ ಮಲಗಿ ದಣಿವಾರಿಸಿಕೊಳ್ಳುವ ಕೋಣೆಗಳಿಗೆ ‘ರನ್ನಿಂಗ್ ರೂಮ್’ ಎಂದು ಹೆಸರು. ಪದವನ್ನು ಬಿಡಿಬಿಡಿಯಾಗಿ ಅನುವಾದಿಸಿದರೆ ಇಲ್ಲಿ ದಾರಿ ತಪ್ಪುತ್ತೇವೆ. ಯಾರ ಕೋಣೆ ಎಂದು ಕೇಳಿದರೆ ಮಾತ್ರ ಅರ್ಥ ಸಿಗುತ್ತದೆ.

ಇಂಗ್ಲಿಷಿನಲ್ಲಿ ಕಾಣಿಸದ ‘ಇಸು’

ಕನ್ನಡದಲ್ಲಿ ತಾನೇ ಮಾಡುವುದಕ್ಕೂ ಬೇರೆಯದರಿಂದ ಮಾಡಿಸುವುದಕ್ಕೂ ಪದದ ರೂಪವೇ ಬೇರೆ. ಓಡು, ಓಡಿಸು. ನಡೆ, ನಡೆಸು. ಹರಿ, ಹರಿಸು. ಇಂಗ್ಲಿಷಿನ ‘ರನ್’ಗೆ ಇಂಥ ಪ್ರತ್ಯಯ ಇಲ್ಲ, ಎರಡಕ್ಕೂ ಒಂದೇ ರೂಪ. ಪಕ್ಕದಲ್ಲಿ ಕರ್ಮಪದ ಇದೆಯೇ ಎಂದು ನೋಡಿಯೇ ನಾವು ‘ಇಸು’ ಸೇರಿಸಿಕೊಳ್ಳಬೇಕು.

‘ಶಿ ರನ್ಸ್’ ಎಂದರೆ ಅವಳು ಓಡುತ್ತಾಳೆ. ‘ಶಿ ರನ್ಸ್ ಎ ಹೋಟೆಲ್’ ಎಂದರೆ ಅವಳು ಹೋಟೆಲ್ ನಡೆಸುತ್ತಾಳೆ. ‘ದ ವಾಟರ್ ರನ್ಸ್’, ನೀರು ಹರಿಯುತ್ತದೆ. ‘ರನ್ ಸಮ್ ವಾಟರ್’, ಸ್ವಲ್ಪ ನೀರು ಬಿಡು. ‘ದ ಪ್ರೋಗ್ರಾಂ ರನ್ಸ್’, ಪ್ರೋಗ್ರಾಂ ಚಾಲೂ ಇದೆ. ‘ರನ್ ದ ಪ್ರೋಗ್ರಾಂ’, ಅದನ್ನು ಚಾಲೂ ಮಾಡು. ‘ಹಿ ರ‍್ಯಾನ್ ಹಿಸ್ ಐ ಓವರ್ ದ ಲಿಸ್ಟ್’, ಪಟ್ಟಿಯ ಮೇಲೆ ಕಣ್ಣು ಹಾಯಿಸಿದ. ‘ದ ಪೇಪರ್ ರ‍್ಯಾನ್ ದ ಸ್ಟೋರಿ’, ಪತ್ರಿಕೆ ಆ ಸುದ್ದಿ ಪ್ರಕಟಿಸಿತು. ವೈದ್ಯರು ‘ವಿ ನೀಡ್ ಟು ರನ್ ಸಮ್ ಟೆಸ್ಟ್ಸ್’ ಎಂದರೆ ಕೆಲವು ಪರೀಕ್ಷೆ ಮಾಡಿಸಬೇಕು ಎಂದರ್ಥ. ‘ರನ್ನಿಂಗ್ ಎ ಫೀವರ್’ ಎಂದರೆ ಜ್ವರ ಬಂದಿದೆ.

ಈ ಒಂದು ಗುಟ್ಟು ತಿಳಿದರೆ ನಿಘಂಟಿನ ನೂರಾರು ಅರ್ಥಗಳು ಜೋಡಿಜೋಡಿಯಾಗಿ ಕೂಡಿಕೊಳ್ಳುತ್ತವೆ. ಒಂದು ತಾನಾಗಿ ಆಗುವುದು, ಇನ್ನೊಂದು ಆಗುವಂತೆ ಮಾಡುವುದು.

ಉದ್ದಕ್ಕೂ ಸಾಗುವುದು

‘ಈ ರಸ್ತೆ ಎಲ್ಲಿಗೆ ಹೋಗುತ್ತೆ?’ ಎಂದು ನಾವು ದಾರಿಹೋಕರನ್ನು ಕೇಳುತ್ತೇವೆ. ರಸ್ತೆ ಎಲ್ಲಿಗೂ ಹೋಗುವುದಿಲ್ಲ, ಅದರ ಉದ್ದಕ್ಕೆ ನಮ್ಮ ಮನಸ್ಸು ಹೋಗುತ್ತದೆ. ಇಂಗ್ಲಿಷ್ ಇಲ್ಲೂ ‘ರನ್’ ಎನ್ನುತ್ತದೆ. ‘ದ ರೋಡ್ ರನ್ಸ್ ಅಲಾಂಗ್ ದ ರಿವರ್’ ಎಂದರೆ ರಸ್ತೆ ನದಿಯ ಪಕ್ಕದಲ್ಲೇ ಸಾಗುತ್ತದೆ. ಬೇಲಿ, ಪೈಪು, ಗೋಡೆಯ ಬಿರುಕು, ಬೆಟ್ಟದ ಸಾಲು ಎಲ್ಲವೂ ಹೀಗೆ ‘ರನ್’ ಆಗುತ್ತವೆ.

ಈ ಅರ್ಥ ನಮ್ಮ ಕಸುಬುಗಳ ಒಳಗೂ ಬಂದು ಕೂತಿದೆ. ಬಡಗಿಯೋ ಗ್ರಾನೈಟ್ ಹಾಕುವವರೋ ‘ರನ್ನಿಂಗ್ ಫೀಟ್‌ಗೆ ಇಷ್ಟು’ ಎಂದು ರೇಟು ಹೇಳಿದರೆ ಅಗಲ ಲೆಕ್ಕಕ್ಕಿಲ್ಲ, ಉದ್ದಕ್ಕೆ ಮಾತ್ರ ದುಡ್ಡು. ಚದರಡಿ ಲೆಕ್ಕದಿಂದ ಇದನ್ನು ಬಿಡಿಸಿ ನೋಡದಿದ್ದರೆ ಮನೆ ಕಟ್ಟಿಸುವವರ ಲೆಕ್ಕ ತಪ್ಪುತ್ತದೆ. ಹೊಲಿಗೆಯಲ್ಲಿ ‘ರನ್ನಿಂಗ್ ಸ್ಟಿಚ್’ ಎಂದರೆ ಸೂಜಿ ಬಟ್ಟೆಯ ಮೇಲೊಮ್ಮೆ ಕೆಳಗೊಮ್ಮೆ ಹೋಗುತ್ತಾ ಮುಂದೆ ಸಾಗುವ ಸಾದಾ ಹೊಲಿಗೆ. ಧಾರವಾಡ ಸೀಮೆಯ ಕಸೂತಿಯಲ್ಲಿ ನೇಗಿ ಈ ಬಗೆಯದು. ಗವಂತಿಯಲ್ಲಿ ಹೀಗೆ ಒಂದು ಸಲ ಹೋದ ದಾರಿಯಲ್ಲೇ ಸೂಜಿ ಹಿಂದಿರುಗಿ ಬಂದು, ಬಿಟ್ಟುಹೋದ ಜಾಗಗಳನ್ನು ತುಂಬುತ್ತದೆ. ಅದರಿಂದಲೇ ಬಟ್ಟೆಯ ಎರಡೂ ಮಗ್ಗುಲಲ್ಲಿ ಚಿತ್ತಾರ ಒಂದೇ ತೆರನಾಗಿ ಮೂಡುತ್ತದೆ. ಇಂಗ್ಲಿಷ್ ಪುಸ್ತಕಗಳು ಇದನ್ನು ‘ಡಬಲ್ ರನ್ನಿಂಗ್ ಸ್ಟಿಚ್’ ಎನ್ನುತ್ತವೆ.

ಜಾಗದ ಉದ್ದಕ್ಕೆ ಒಪ್ಪಿದ ಪದ ಕಾಲದ ಉದ್ದಕ್ಕೂ ಒಪ್ಪುತ್ತದೆ. ‘ದ ಅಗ್ರಿಮೆಂಟ್ ರನ್ಸ್ ಫಾರ್ ಇಲೆವನ್ ಮಂತ್ಸ್’ ಎಂದು ಬಾಡಿಗೆ ಕರಾರಿನಲ್ಲಿದ್ದರೆ ಅದು ಹನ್ನೊಂದು ತಿಂಗಳು ಜಾರಿಯಲ್ಲಿರುತ್ತದೆ. ನಾಟಕ, ಸಿನಿಮಾಗಳ ‘ರನ್’ ಎಂದರೆ ಎಷ್ಟು ದಿನ ಓಡಿತು ಎಂಬುದು. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಲಂಡನ್ನಿನ ‘ದ ಮೌಸ್‌ಟ್ರ್ಯಾಪ್’ ನಾಟಕ 1952ರಲ್ಲಿ ಶುರುವಾಗಿ, ಕೋವಿಡ್ ಕಾಲದಲ್ಲಿ ಮಾತ್ರ ನಿಂತು, ಮತ್ತೆ ಮುಂದುವರಿಯಿತು.

ಬಿಡುವಿಲ್ಲದೆ ಸಾಲಾಗಿ ಬರುವುದೂ ಈ ಗುಂಪಿಗೇ ಸೇರಿದ್ದು. ‘ತ್ರೀ ಡೇಸ್ ರನ್ನಿಂಗ್’ ಎಂದರೆ ಸತತ ಮೂರು ದಿನ. ‘ರನ್ನಿಂಗ್ ನೋಟ್ಸ್’ ಎಂದರೆ ಮೇಷ್ಟ್ರು ಹೇಳುತ್ತಾ ಹೋದಂತೆ ಬರೆದುಕೊಳ್ಳುವ ಟಿಪ್ಪಣಿ. ಗುತ್ತಿಗೆದಾರರ ‘ರನ್ನಿಂಗ್ ಬಿಲ್’ ಎಂದರೆ ಕಾಮಗಾರಿ ಮುಗಿಯುವ ಮೊದಲೇ, ಆದಷ್ಟು ಕೆಲಸಕ್ಕೆ ಆಗಾಗ ಸಲ್ಲಿಸುವ ಬಿಲ್. ಕೊನೆಯದು ‘ಫೈನಲ್ ಬಿಲ್’.

‘ಆಗು’ ಎಂಬ ಅರ್ಥದಲ್ಲಿ

ಕೆಲವು ಗುಣವಾಚಕಗಳು ಮುಂದೆ ಬಂದಾಗ ‘ರನ್’ ತನ್ನ ಚಲನೆಯನ್ನೆಲ್ಲ ಬಿಟ್ಟು ಬರಿಯ ‘ಆಗು’ ಆಗಿಬಿಡುತ್ತದೆ. ‘ದ ವೆಲ್ ರ‍್ಯಾನ್ ಡ್ರೈ’, ಬಾವಿ ಬತ್ತಿತು. ‘ಮನಿ ಈಸ್ ರನ್ನಿಂಗ್ ಶಾರ್ಟ್’, ದುಡ್ಡು ಸಾಲದಾಗುತ್ತಿದೆ. ‘ಐ ಆಮ್ ರನ್ನಿಂಗ್ ಲೇಟ್’, ನನಗೆ ತಡವಾಗುತ್ತಿದೆ. ಇವುಗಳಲ್ಲಿ ಹೆಚ್ಚಿನವು ಕೊರತೆಯನ್ನೋ ಅಂಕೆ ತಪ್ಪಿದ ಸ್ಥಿತಿಯನ್ನೋ ಹೇಳುತ್ತವೆ. ಸಂಖ್ಯೆ ಹತ್ತಾರಷ್ಟೇ, ಹಾಗಾಗಿ ಇವನ್ನು ಇದ್ದ ಹಾಗೆಯೇ ಕಲಿಯುವುದು ಸುಲಭ.

ಮುಂದೆ ಬರುವ ಪುಟ್ಟ ಪದಗಳು

ಕಲಿಯುವವರಿಗೆ ಹೆಚ್ಚು ತೊಡಕಾಗುವುದು ಔಟ್, ಇಂಟು, ಡೌನ್, ಅಪ್, ಥ್ರೂಗಳಂಥ ಪದಗಳು ‘ರನ್’ನ ಮುಂದೆ ಬಂದಾಗ. ಇವು ಅರ್ಥವನ್ನು ಪೂರ್ತಿ ತಿರುಗಿಸಿಬಿಡುತ್ತವೆ. ಆದರೆ ಇಂಥದೇ ವ್ಯವಸ್ಥೆ ಕನ್ನಡದಲ್ಲೂ ಇದೆ. ‘ಬರೆ’ ಎಂಬುದಕ್ಕೆ ಬೇರೆ ಬೇರೆ ಕ್ರಿಯಾಪದ ಸೇರಿಸಿ ನೋಡಿ: ಬರೆದುಕೊಡು, ಬರೆದುಕೊಳ್ಳು, ಬರೆದುಬಿಡು, ಬರೆದಿಡು. ‘ಗ್ಯಾಸ್ ಮುಗಿದುಹೋಯಿತು’ ಎನ್ನುವಾಗ ಗ್ಯಾಸ್ ಎಲ್ಲಿಗೂ ಹೋಗಿಲ್ಲ. ಇನ್ನೇನೂ ಉಳಿದಿಲ್ಲ ಎಂಬುದನ್ನು ಆ ‘ಹೋಗು’ ಹೇಳುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸ ‘ಔಟ್’ನದು.

‘ರನ್ ಔಟ್’ ಎಂದರೆ ಮುಗಿದುಹೋಗು. ಇಲ್ಲಿ ಒಂದು ಎಚ್ಚರ ಬೇಕು. ಮುಗಿದ ವಸ್ತುವೇ ಕರ್ತೃವಾದರೆ ‘ದ ಗ್ಯಾಸ್ ರ‍್ಯಾನ್ ಔಟ್’. ಮನುಷ್ಯರು ಕರ್ತೃವಾದರೆ ‘ಆಫ್’ ಬೇಕೇ ಬೇಕು: ‘ವಿ ರ‍್ಯಾನ್ ಔಟ್ ಆಫ್ ಗ್ಯಾಸ್’. ಪರೀಕ್ಷೆಯಲ್ಲೂ ಪತ್ರವ್ಯವಹಾರದಲ್ಲೂ ಈ ‘ಆಫ್’ ಬಿಟ್ಟುಹೋಗುವುದು ಸಾಮಾನ್ಯ.

‘ರನ್ ಇಂಟು’ವಿಗೆ ಮೂರು ಮುಖ್ಯ ಅರ್ಥಗಳು. ಪರಿಚಯದವರ ಹೆಸರು ಮುಂದೆ ಬಂದರೆ ಅಕಸ್ಮಾತ್ ಎದುರಾಗು. ಮರ, ಗೋಡೆ, ಬಸ್ಸು ಬಂದರೆ ಡಿಕ್ಕಿ ಹೊಡೆ. ಮೊತ್ತ ಬಂದರೆ ಅಷ್ಟು ತಲುಪು: ‘ದ ಲಾಸ್ ರನ್ಸ್ ಇಂಟು ಕ್ರೋರ್ಸ್’, ನಷ್ಟ ಕೋಟಿಗಟ್ಟಲೆಯಾಗಿದೆ.

‘ರನ್ ಓವರ್’ಗೆ ವಾಹನ ಮೈಮೇಲೆ ಹರಿ ಎಂಬ ಅರ್ಥವನ್ನು ಆಗಲೇ ನೋಡಿದೆವು. ಸಭೆ ‘ರನ್ ಓವರ್’ ಆದರೆ ಗೊತ್ತುಮಾಡಿದ ಹೊತ್ತು ಮೀರಿತು. ‘ರನ್ ಡೌನ್’ ಎಂಬುದು ಬ್ಯಾಟರಿಗೆ ಬಂದರೆ ಚಾರ್ಜು ಇಳಿಯುವುದು, ಮನುಷ್ಯನಿಗೆ ಬಂದರೆ ದಣಿದು ಸೊರಗುವುದು, ಕಟ್ಟಡಕ್ಕೆ ಬಂದರೆ ಪಾಳು ಬೀಳುವುದು. ಒಬ್ಬರು ಇನ್ನೊಬ್ಬರನ್ನು ‘ರನ್ ಡೌನ್’ ಮಾಡಿದರೆ ಹೀಗಳೆಯುವುದು. ‘ರನ್ ಅಪ್’ ಸಾಲಕ್ಕೆ, ಬಿಲ್ಲಿಗೆ ಬಂದರೆ ಏರಿಸಿಕೊಳ್ಳುವುದು. ‘ರನ್ ಥ್ರೂ’ ಎಂದರೆ ಮೊದಲಿಂದ ಕೊನೆಯವರೆಗೆ ಬೇಗ ಒಮ್ಮೆ ನೋಡುವುದು, ಇಲ್ಲವೆ ತಾಲೀಮು ಮಾಡುವುದು. ಆಫೀಸಿನಲ್ಲಿ ಮೇಲಧಿಕಾರಿ ‘ರನ್ ಇಟ್ ಬೈ ಮಿ’ ಎಂದರೆ ಕಳಿಸುವ ಮುಂಚೆ ನನಗೊಮ್ಮೆ ತೋರಿಸಿ ಎಂದರ್ಥ. ಇದು ತಿಳಿಯದೆ ಕಾಗದ ನೇರವಾಗಿ ಹೊರಗೆ ಹೋದರೆ ತೊಂದರೆಗೆ ಸಿಕ್ಕಿಕೊಳ್ಳುವುದು ಹೊಸದಾಗಿ ಕೆಲಸಕ್ಕೆ ಸೇರಿದವರು.

ಮೈದಾನದಲ್ಲಿ, ಬ್ಯಾಂಕಿನಲ್ಲಿ, ಚುನಾವಣೆಯಲ್ಲಿ

ಕ್ರಿಕೆಟ್ಟಿನ ರನ್ ಕನ್ನಡದ್ದೇ ಪದ ಎಂಬಷ್ಟು ನಮ್ಮದಾಗಿದೆ. ಆಟದ ಆರಂಭದ ದಿನಗಳಲ್ಲಿ ಸ್ಕೋರನ್ನು ಕೋಲಿನ ಮೇಲೆ ಕಚ್ಚು ಕೊರೆದು ಇಡುತ್ತಿದ್ದರು. ಆಗ ರನ್ನಿಗೆ ‘ನಾಚ್’, ಅಂದರೆ ಕಚ್ಚು ಎಂದೇ ಹೆಸರಿತ್ತು. ಮುಂದೆ ವಿಕೆಟ್ಟುಗಳ ನಡುವಿನ ಓಟವೇ ಲೆಕ್ಕದ ಹೆಸರಾಯಿತು. ಬೌಂಡರಿ ಬಾರಿಸಿದರೆ ಓಡಬೇಕಿಲ್ಲ, ಆದರೂ ಸಿಗುವುದು ನಾಲ್ಕು ರನ್. ರಾಹುಲ್ ದ್ರಾವಿಡ್ ಟೆಸ್ಟ್ ಪಂದ್ಯಗಳಲ್ಲಿ ಗಳಿಸಿದ 13,288 ರನ್ನುಗಳಲ್ಲಿ ಹೀಗೆ ಓಡದೆ ಬಂದವುಗಳ ಪಾಲು ದೊಡ್ಡದು. ಕಾಲಿನ ಓಟವಾಗಿದ್ದ ಪದ ಇಲ್ಲಿ ಅಂಕವಾಗಿ ನಿಂತಿದೆ.

ಬ್ಯಾಂಕಿನ ವಿಷಯದಲ್ಲೂ ಹೀಗೆಯೇ ಆಗಿದೆ. ಬ್ಯಾಂಕು ಠೇವಣಿಯ ದುಡ್ಡನ್ನೆಲ್ಲ ತಿಜೋರಿಯಲ್ಲಿ ಇಟ್ಟುಕೊಳ್ಳುವುದಿಲ್ಲ, ಬಹುಪಾಲನ್ನು ಸಾಲ ಕೊಟ್ಟಿರುತ್ತದೆ. ಬ್ಯಾಂಕು ಮುಳುಗುತ್ತದೆ ಎಂಬ ಭಯ ಹಬ್ಬಿ ಎಲ್ಲರೂ ಒಟ್ಟಿಗೆ ದುಡ್ಡು ಕೇಳಿದರೆ ಗಟ್ಟಿಯಾಗಿದ್ದ ಬ್ಯಾಂಕೂ ಕುಸಿಯಬಹುದು. ಇದೇ ‘ರನ್ ಆನ್ ದ ಬ್ಯಾಂಕ್’. 2007ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿನ ಶಾಖೆಗಳ ಮುಂದೆ ಜನ ಉದ್ದುದ್ದ ಸಾಲು ನಿಂತರು. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಗ್ರಾಹಕರು ಒಂದೇ ದಿನ 4,200 ಕೋಟಿ ಡಾಲರ್ ವಾಪಸು ಕೇಳಿದಾಗ ಹೆಚ್ಚಿನವರು ಬ್ಯಾಂಕಿನ ಬಾಗಿಲಿಗೂ ಹೋಗಿರಲಿಲ್ಲ, ಫೋನಿನಲ್ಲೂ ಕಂಪ್ಯೂಟರಿನಲ್ಲೂ ಕೇಳಿದ್ದರು. ಓಡಿಹೋಗಿ ಕೌಂಟರಿನ ಮುಂದೆ ನಿಲ್ಲುವ ಕಾಲ ಹೋದರೂ ಹೆಸರು ಉಳಿದುಕೊಂಡಿದೆ.

ಚುನಾವಣೆಗೆ ಅಮೆರಿಕದವರು ‘ರನ್’ ಮಾಡುತ್ತಾರೆ, ಬ್ರಿಟಿಷರು ‘ಸ್ಟ್ಯಾಂಡ್’ ಮಾಡುತ್ತಾರೆ. ಒಂದೇ ಕೆಲಸವನ್ನು ಒಬ್ಬರು ಓಡುವುದು ಎನ್ನುತ್ತಾರೆ, ಇನ್ನೊಬ್ಬರು ನಿಲ್ಲುವುದು ಎನ್ನುತ್ತಾರೆ. ಕನ್ನಡದಲ್ಲಿ ನಾವು ‘ಚುನಾವಣೆಗೆ ನಿಲ್ಲು’ ಎನ್ನುವವರು, ನಮ್ಮ ಇಂಗ್ಲಿಷ್ ಪತ್ರಿಕೆಗಳು ‘ಕಂಟೆಸ್ಟ್’ ಎಂದು ಬರೆಯುತ್ತವೆ. ನೈಲಾನ್ ಕಾಲುಚೀಲದ ಎಳೆ ಬಿಟ್ಟು ಉದ್ದಕ್ಕೆ ಸೀಳಿದರೆ ಅಮೆರಿಕದಲ್ಲಿ ಅದು ‘ರನ್’, ಬ್ರಿಟನ್ನಿನಲ್ಲಿ ‘ಲ್ಯಾಡರ್’. ಯಾವ ದೇಶದ ಬರಹ ಓದುತ್ತಿದ್ದೇವೆ ಎಂಬುದೂ ಅರ್ಥಕ್ಕೆ ಬೇಕಾಗುತ್ತದೆ.

ಓದುವಾಗ ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳು

‘ರನ್’ ಎದುರಾದಾಗ ನಿಘಂಟಿಗೆ ಕೈಹಾಕುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದು, ‘ರನ್’ ಆಗುತ್ತಿರುವುದು ಯಾವುದು? ಕಾಲಿರುವ ಜೀವಿಯಾದರೆ ಓಡು, ನೀರಿನಂಥದ್ದಾದರೆ ಹರಿ ಅಥವಾ ಸೋರು, ಯಂತ್ರವಾದರೆ ಚಾಲೂ ಇರು, ರಸ್ತೆ-ಬೇಲಿ-ಕರಾರಾದರೆ ಉದ್ದಕ್ಕೂ ಸಾಗು.

ಎರಡು, ಮುಂದೆ ಕರ್ಮಪದ ಇದೆಯೇ? ಇದ್ದರೆ ‘ಇಸು’ ಸೇರಿಸಿ. ನಡೆಸು, ಓಡಿಸು, ಹರಿಸು, ಹಾಯಿಸು, ಇವುಗಳಲ್ಲಿ ಒಂದು ಸಾಮಾನ್ಯವಾಗಿ ಹೊಂದುತ್ತದೆ.

ಮೂರು, ಮುಂದೆ ಪುಟ್ಟ ಪದವೋ ಗುಣವಾಚಕವೋ ಇದೆಯೇ? ಇದ್ದರೆ ಎರಡನ್ನೂ ಸೇರಿಸಿ ಒಂದೇ ಪದ ಎಂದುಕೊಳ್ಳಿ, ನಿಘಂಟಿನಲ್ಲೂ ಅವನ್ನು ಜೊತೆಯಾಗಿಯೇ ಹುಡುಕಿ.

ಈ ವಾಕ್ಯವನ್ನು ಪರೀಕ್ಷಿಸೋಣ: ‘ದ ವುಮನ್ ಹೂ ರನ್ಸ್ ದ ಮೆಸ್ ರ‍್ಯಾನ್ ಔಟ್ ಆಫ್ ರೈಸ್, ಸೋ ಶಿ ರ‍್ಯಾನ್ ಟು ದ ಶಾಪ್ ಆನ್ ದ ರೋಡ್ ದಟ್ ರನ್ಸ್ ಬಿಹೈಂಡ್ ದ ಸ್ಕೂಲ್’. ನಾಲ್ಕು ಕಡೆ ಅದೇ ಪದ. ಮೊದಲನೆಯದರ ಮುಂದೆ ‘ಮೆಸ್’ ಎಂಬ ಕರ್ಮವಿದೆ, ಆದ್ದರಿಂದ ನಡೆಸು. ಎರಡನೆಯದರ ಮುಂದೆ ‘ಔಟ್ ಆಫ್’ ಇದೆ, ಆದ್ದರಿಂದ ಮುಗಿದುಹೋಗು. ಮೂರನೆಯದರಲ್ಲಿ ಮನುಷ್ಯರೇ ಕರ್ತೃ, ಕರ್ಮವೂ ಇಲ್ಲ ಪುಟ್ಟ ಪದದ ಬಲವೂ ಇಲ್ಲ, ಆದ್ದರಿಂದ ಓಡು. ನಾಲ್ಕನೆಯದರ ಕರ್ತೃ ರಸ್ತೆ, ಆದ್ದರಿಂದ ಹಾದುಹೋಗು. ಕನ್ನಡದಲ್ಲಿ ಹೇಳುವುದಾದರೆ: ಮೆಸ್ ನಡೆಸುವ ಆಕೆಯ ಬಳಿ ಅಕ್ಕಿ ಮುಗಿದುಹೋಯಿತು, ಅದಕ್ಕೇ ಶಾಲೆಯ ಹಿಂದೆ ಹಾದುಹೋಗುವ ರಸ್ತೆಯಲ್ಲಿರುವ ಅಂಗಡಿಗೆ ಓಡಿದಳು. ಇಂಗ್ಲಿಷಿನ ಒಂದು ಪದಕ್ಕೆ ಕನ್ನಡದ ನಾಲ್ಕು ಪದ ಬಂದವು, ನಾಲ್ಕೂ ನಮಗೆ ಮೊದಲೇ ಗೊತ್ತಿದ್ದವು.

ಇದೇ ಮೂರು ಪ್ರಶ್ನೆಗಳು ಗೆಟ್, ಟೇಕ್, ಗೋ, ಬ್ರೇಕ್, ಟರ್ನ್‌ಗಳಿಗೂ ಸಲ್ಲುತ್ತವೆ. ಇಂಗ್ಲಿಷಿನಲ್ಲಿ ದಿನವಿಡೀ ಓಡಾಡುವ ಪದಗಳು ಇಂಥ ಹತ್ತಿಪ್ಪತ್ತೇ. ಇವು ಕೈಗೆ ಬಂದರೆ ಪತ್ರಿಕೆಯ ಇಂಗ್ಲಿಷೂ ಆಫೀಸಿನ ಇಂಗ್ಲಿಷೂ ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತವೆ. ಅದಕ್ಕಾಗಿ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಪದ, ಬಲಕ್ಕೆ ಅರ್ಥ ಎಂದು ಬರೆಯುವ ಹಳೆಯ ರೂಢಿಯನ್ನು ಬಿಡಿ. ಎಡಕ್ಕೆ ಓದಿದ ಇಡೀ ವಾಕ್ಯ ಬರೆದು, ಬಲಕ್ಕೆ ಅದನ್ನೇ ನಿಮ್ಮ ಮನೆಯ ಕನ್ನಡದಲ್ಲಿ ಬರೆಯಿರಿ. ಮಕ್ಕಳು ಬಂದು ‘ರನ್ ಅಂದ್ರೆ ಏನು?’ ಎಂದು ಕೇಳಿದರೆ ಉತ್ತರ ಹೇಳುವ ಮುಂಚೆ ‘ಯಾವ ವಾಕ್ಯದಲ್ಲಿ ಬಂತು, ಪೂರ್ತಿ ಓದು’ ಎನ್ನಿ. ಅರ್ಥ ಇರುವುದು ಆ ವಾಕ್ಯದಲ್ಲೇ, ಅದನ್ನು ಹುಡುಕಿ ತೆಗೆಯಲು ಬೇಕಾದ ಕನ್ನಡ ಮಗುವಿನ ಬಳಿ ಆಗಲೇ ಇದೆ.